ಏಳನೆಯ ನ್ಯೂಟ್ರಾನು

ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಆ ವರ್ಷ ಧಾರವಾಡದ ಜನಕ್ಕೆ ಉತ್ತರ ಸಿಕ್ಕಿತು. ಅದೂ ಅಂತಿಂಥ ಉತ್ತರವಲ್ಲ, ದಶಮಾಂಶ ಬಿಂದುವಿನ ಮುಂದೆ ಮೂರು ಅಂಕಿಗಳವರೆಗೆ.

ಊರ ಹೊರಗಿನ ಗುಡ್ಡದ ಮೇಲೆ ಜಾಡುಕೇಂದ್ರ ಎಂಬ ಪ್ರಯೋಗಾಲಯ ಎದ್ದು ಆರು ವರ್ಷವಾಗಿತ್ತು. ಅಲ್ಲಿನವರು ಪರಮಾಣುವಿಗೆ ಅಚ್ಚೊತ್ತುವ ವಿದ್ಯೆ ಕಲಿತಿದ್ದರು. ಅಚ್ಚೊತ್ತಿದ ಇಂಗಾಲವನ್ನು ಸಕ್ಕರೆಯಲ್ಲಿ ಸೇರಿಸಿ ರೋಗಿಗೆ ತಿನ್ನಿಸಿದರೆ, ಆ ಸಕ್ಕರೆ ಮೈಯೊಳಗೆ ಎಲ್ಲೆಲ್ಲಿ ಹೋಯಿತು, ಗಡ್ಡೆ ಎಷ್ಟು ತಿಂದಿತು ಎಂಬುದು ಪರದೆಯ ಮೇಲೆ ಬೆಳಕಾಗಿ ಕಾಣುತ್ತಿತ್ತು. ಯಂತ್ರ ಮಾಡಿದ್ದು ಅದಕ್ಕಾಗಿಯೇ. ಆದರೆ ರೋಗಿ ತೀರಿಕೊಂಡ ಮೇಲೂ ಅಚ್ಚು ಅಳಿಯುವುದಿಲ್ಲ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಕೇಂದ್ರದ ಬಾಗಿಲಲ್ಲಿ ಜನ ಸಾಲುಗಟ್ಟಿದರು. ಕೇಂದ್ರದವರು ಒಂದಷ್ಟು ದಿನ ಇಲ್ಲ ಎಂದರು, ಕಡೆಗೆ ಸೋತು ಜಾಡುಡಬ್ಬಿಗಳನ್ನು ಮನೆಗೆ ಕೊಡತೊಡಗಿದರು. ಊಟದ ಡಬ್ಬಿಯಷ್ಟು ದೊಡ್ಡದು. ಒಬ್ಬೊಬ್ಬ ರೋಗಿಯ ಅಚ್ಚಿಗೂ ಒಂದೊಂದು ನಂಬರು. ಡಬ್ಬಿಯ ಗುಂಡಿ ತಿರುಗಿಸಿ ಆ ನಂಬರಿಗೆ ತಂದರೆ, ಆ ಅಚ್ಚಿನ ಪರಮಾಣುಗಳು ಹತ್ತಿರದ ಗಾಳಿಗೆ ಬಂದಾಗ ಡಬ್ಬಿ ಟಿಕ್ ಎನ್ನುತ್ತಿತ್ತು.

ಆಮೇಲೆ ನೋಡಬೇಕು ಊರಿನ ಅವತಾರ. ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರಿಗೆ ತೀರಿಹೋದ ಹೆಂಡತಿ ಪಕ್ಕದ ಮನೆಯ ಅವರೆ ಬಳ್ಳಿಯಲ್ಲಿ ಸಿಕ್ಕಿದಳು. ಬಳ್ಳಿಯನ್ನು ಬೇರುಸಮೇತ ಕೊಡಿ ಎಂದು ಅವರು ಜಗಳಕ್ಕೇ ನಿಂತರು. ಇನ್ನೊಬ್ಬನಿಗೆ ತಂದೆ ಎಮ್ಮೆಯ ಹಾಲಿನಲ್ಲಿ ಸಿಕ್ಕಿದ. ಮೂರು ದಿನ ಚಹಾ ಬಿಟ್ಟ, ನಾಲ್ಕನೆಯ ದಿನ ‘ಅಪ್ಪಗೂ ಚಹಾ ಅಂದ್ರ ಪ್ರಾಣ ಇತ್ತು’ ಎಂದು ಕಣ್ಣೊರೆಸಿಕೊಂಡು ಕುಡಿದ. ನಗುವವರು ನಕ್ಕರು. ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರು ಮಾತ್ರ ನಗಲಿಲ್ಲ.

ನೀಲಗಂಗಾ ಮೇಡಂ ಡಬ್ಬಿ ಕೇಳಲು ಹೋದದ್ದು ಮಗಳು ಮುಕ್ತಾ ಹೋಗಿ ಏಳು ತಿಂಗಳಾದ ಮೇಲೆ. ಮುಕ್ತಾಳಿಗೆ ಹನ್ನೊಂದು ವರ್ಷ. ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಯವರು ಕೊಟ್ಟ ಅಚ್ಚುಸಕ್ಕರೆಯ ಪೊಟ್ಟಣವನ್ನು ದಿನಾ ಬೆಳಿಗ್ಗೆ ಗಂಜಿಯಲ್ಲಿ ಕಲಸಿ ಕುಡಿಸುತ್ತಿದ್ದರು. ಎಂಟು ದಿನಕ್ಕೊಮ್ಮೆ ಕೇಂದ್ರದಲ್ಲಿ ಚಿತ್ರ ತೆಗೆಯುತ್ತಿದ್ದರು.

ಮೇಡಂ ಪಿಯುಸಿ ಮೊದಲ ವರ್ಷದವರಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಪರಮಾಣುವಿನ ಪಾಠವನ್ನು ಅವರು ಕೋಣೆಯಲ್ಲಿ ಮಾಡಿದವರೇ ಅಲ್ಲ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದೊಯ್ದು, ನಟ್ಟನಡುವೆ ಒಂದು ಕಡಲೆಕಾಳು ಇಟ್ಟು, “ಇದು ನ್ಯೂಕ್ಲಿಯಸ್ಸು. ಪ್ರೋಟಾನು, ನ್ಯೂಟ್ರಾನು ಎಲ್ಲಾ ಇದರೊಳಗ. ಹಂಗಾದ್ರ ಎಲೆಕ್ಟ್ರಾನು ಎಲ್ಲೈತಿ ಹುಡುಕ್ರಿ” ಎನ್ನುತ್ತಿದ್ದರು. ಮಕ್ಕಳು ಕಾಳಿನ ಸುತ್ತ ಬಗ್ಗಿ ಹುಡುಕುವರು. “ಅಲ್ಲಲ್ಲ. ಅಗೋ, ಗೇಟಿನ ಹತ್ರ, ಕಲ್ಲಂಗಡಿ ಮಾರತಾನಲ್ಲ, ಅಲ್ಲೈತಿ.” ನೂರು ಮೀಟರು ದೂರ. ಮಕ್ಕಳು ಬಾಯಿ ತೆರೆದು ನೋಡುವರು. ಯಾರಾದರೂ ಒಬ್ಬರು ಕೇಳಿಯೇ ಕೇಳುವರು: “ನಡುವ ಏನೈತ್ರಿ ಮೇಡಂ?”

“ಏನೂ ಇಲ್ಲ.”

ಇಪ್ಪತ್ತು ವರ್ಷ ಆ ಮಾತನ್ನು ಅವರು ಹೆಮ್ಮೆಯಿಂದ ಹೇಳಿದ್ದರು. ಈ ವರ್ಷ ಹೇಳುವಾಗ ಬಗ್ಗಿ ಆ ಕಾಳನ್ನು ಕೈಗೆತ್ತಿಕೊಂಡರು. ಮಕ್ಕಳಿಗೆ ಕಾರಣ ಗೊತ್ತಿತ್ತು, ತಲೆ ತಗ್ಗಿಸಿದರು. ಮೇಡಂ ಸಾವರಿಸಿಕೊಂಡು ಮುಂದಿನದನ್ನು ಹೇಳಿದರು. ಪ್ರೋಟಾನು ಆರಿದ್ದರೆ ಅದು ಇಂಗಾಲ. ಸಾಮಾನ್ಯವಾಗಿ ನ್ಯೂಟ್ರಾನೂ ಆರೇ. ನೂರಕ್ಕೊಂದರಲ್ಲಿ ಏಳು ಇರುತ್ತವೆ. ಆ ಏಳನೆಯ ನ್ಯೂಟ್ರಾನಿನಿಂದ ಹೊರಗೆ ಏನೂ ಬದಲಾಗುವುದಿಲ್ಲ, ಅದೇ ಇಂಗಾಲ, ಅದೇ ನಡತೆ, ಒಳಗೆ ತೂಕ ಮಾತ್ರ ಚೂರು ಹೆಚ್ಚು. ಆ ಏಳನೆಯದರ ದೆಸೆಯಿಂದಲೇ ನ್ಯೂಕ್ಲಿಯಸ್ಸಿಗೆ ಒಂದು ಗಿರಕಿ ಬರುತ್ತದೆ, ಗುಡ್ಡದ ಮೇಲಿನವರು ಅಚ್ಚೊತ್ತುವುದು ಆ ಗಿರಕಿಗೆ. ಉಣ್ಣುವುದು, ಸುಡುವುದು, ಕೊಳೆಯುವುದು, ಚಿಗುರುವುದು, ಇವೆಲ್ಲ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ನಡುವಿನ ಕಾಳಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಅದಕ್ಕೇ ಅಚ್ಚು ಉಳಿಯುತ್ತದೆ.

ಅವತ್ತು ಕಾಲೇಜು ಬಿಟ್ಟವರೇ ನೆಟ್ಟಗೆ ಗುಡ್ಡ ಹತ್ತಿದರು.

ಡಬ್ಬಿಯನ್ನು ತಂದುಕೊಟ್ಟವಳು ತಬಸ್ಸುಮ್ ದಫೇದಾರ. ಹದಿನೈದು ವರ್ಷದ ಹಿಂದೆ ಅದೇ ಮೈದಾನದಲ್ಲಿ ಕಡಲೆಕಾಳಿನ ಸುತ್ತ ಬಗ್ಗಿದವಳು. ಈಗ ಕೇಂದ್ರದ ಚಿತ್ರ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಮುಕ್ತಾಳ ಚಿತ್ರಗಳನ್ನೂ ಅವಳೇ ತೆಗೆದಿದ್ದಳು. “ಭಾಳ ಹಚ್ಕೋಬ್ಯಾಡ್ರಿ ಮೇಡಂ” ಎಂದಷ್ಟೇ ಹೇಳಿ ಗುಂಡಿಯನ್ನು ಮುಕ್ತಾಳ ನಂಬರಿಗೆ ತಿರುಗಿಸಿಕೊಟ್ಟಳು.

ಮೊದಲು ಹೋದದ್ದು ಸಮಾಧಿಗೆ. ಅವರ ಮನೆಯಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಸಮಾಧಿಯ ಮೇಲಿನ ಹುಲ್ಲಿಗೆ ಹಿಡಿದಾಗ ಡಬ್ಬಿ ಆಗೊಮ್ಮೆ ಈಗೊಮ್ಮೆ ಮಾತಾಡಿತು. ಮೇಡಂ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತರು. ಮನೆಗೆ ಬಂದು ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಅಕ್ಕಿ ತೊಳೆಯಲು ನಿಂತರು. ಡಬ್ಬಿ ಟಿಕ್ ಎಂದಿತು. ಮತ್ತೆ ಟಿಕ್. ಆಮೇಲೆ ಬಿಡದೆ ಟಿಕ್ ಟಿಕ್ ಟಿಕ್. ಅಕ್ಕಿಯ ಪಾತ್ರೆ ಕೈಯಿಂದ ಜಾರಿತು.

“ರೀ! ಬರ್ರಿ ಇಲ್ಲೆ! ಮುಕ್ತಾ ಮನ್ಯಾಗ ಅದಾಳ!”

ಗಂಡ ಗುರುಬಸಪ್ಪ ಮಿಕ್ಸರು, ಕುಕ್ಕರು ರಿಪೇರಿ ಮಾಡುವವನು. ಹೆಚ್ಚು ಮಾತಿಲ್ಲ, ಕೈಯೇ ಮಾತು. ಹೊಸ್ತಿಲಲ್ಲಿ ನಿಂತು ಆ ಸದ್ದು ಕೇಳಿದ. ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಅಕ್ಕಿ ಹಾಗೇ ಚೆಲ್ಲಿಕೊಂಡಿತ್ತು. ಇಬ್ಬರೂ ಅರ್ಧ ತಾಸು ಡಬ್ಬಿಯ ಮುಂದೆ ಕೂತರು, ಮಗು ನಿದ್ದೆಯಲ್ಲಿ ಉಸಿರಾಡುವುದನ್ನು ಕೇಳುವವರಂತೆ.

ಅಲ್ಲಿಂದ ನೀಲಗಂಗಾಳಿಗೆ ಜೀವ ಬಂತು. ಪಡಸಾಲೆಯಲ್ಲಿ ಓದಲು ಕೂತರೆ ಮುಕ್ತಾ ಪಡಸಾಲೆಗೆ ಬಂದಳು, ಹಿತ್ತಲಿಗೆ ಹೋದರೆ ಹಿತ್ತಲಿಗೆ. ಅವಳು ಹೋಗಿ ಮೂರು ತಿಂಗಳಾದ ಮೇಲೆ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಮಲ್ಲಿಗೆಯ ಹೊಸ ಚಿಗುರಲ್ಲೂ ಇದ್ದಳು. ಬೈಲಹೊಂಗಲದ ತಂಗಿಯ ಮನೆಗೆ ಡಬ್ಬಿ ಒಯ್ದರೆ ಅಲ್ಲಿಯೂ ಟಿಕ್ ಟಿಕ್. “ನನ್ನ ಬೆನ್ನ ಬಿಡಂಗಿಲ್ಲ ನೋಡ ಈ ಹುಡುಗಿ” ಎಂದು ತಂಗಿಯ ಮುಂದೆ ನಕ್ಕಳು. ಏಳು ತಿಂಗಳಲ್ಲಿ ಅದೇ ಮೊದಲ ನಗು. ಇಷ್ಟು ಓದಿದವಳು, ಇಷ್ಟು ಮಕ್ಕಳಿಗೆ ಪಾಠ ಹೇಳಿದವಳು, ಒಂದು ಕ್ಷಣ ನಿಂತು ಯೋಚನೆ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಮಗಳು ಸಿಕ್ಕಿದ್ದಾಳೆ ಎಂಬ ಸಂತೋಷದಲ್ಲಿ ಯಾವ ತಾಯಿಗೆ ಯೋಚನೆ ಬೇಕು?

ಯೋಚನೆ ಮಾಡಿದವನು ಗುರುಬಸಪ್ಪ. ಒಂದು ದಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಒಯ್ದ. ಬಿಚ್ಚಿದ ಮಿಕ್ಸರುಗಳ ನಡುವೆ ಇಟ್ಟುಕೊಂಡು ದಿನವಿಡೀ ಕಾದ. ಶಾಲೆ ಬಿಟ್ಟ ಮೇಲೆ ಮುಕ್ತಾ ಕೂರುತ್ತಿದ್ದ ಸ್ಟೂಲಿನ ಮೇಲಿಟ್ಟು ನೋಡಿದ. ಒಂದೇ ಒಂದು ಟಿಕ್ ಇಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅಂಗಡಿ ತೆರೆಯದೆ, ಹೆಂಡತಿ ಕಾಲೇಜಿಗೆ ಹೋದ ಮೇಲೆ ಮನೆಯಲ್ಲೇ ಕೂತ.

ಸಂಜೆ ಅವಳು ಬಂದಾಗ ಅವನ ಕಣ್ಣು ಕೆಂಪಗಿದ್ದವು. “ನೀ ಹೊರಗ ಹೋದ ಕೂಡ್ಲೆ ಅಕಿನೂ ಹೋಗತಾಳ” ಎಂದ. “ನೀ ಬಂದ್ರ ಬರತಾಳ. ನಾ ಒಬ್ಬನ ಕುಂತ್ರ ಬರಂಗಿಲ್ಲ. ನಾ ಏನ ತಪ್ಪ ಮಾಡೇನಿ ನೀಲಾ? ಸೂಜಿ ಚುಚ್ಚುವಾಗ ಅಕಿ ಕೈಕಾಲು ಒತ್ತಿ ಹಿಡಕೊಂಡಿರತಿದ್ದೆ. ಅದಕ್ಕ ಸಿಟ್ಟೇನು ಅಕಿಗೆ?”

ಐವತ್ತು ವರ್ಷದ ಗಂಡಸು ಹಾಗೆ ಕೇಳಿದರೆ ಯಾರ ಎದೆ ತಡೆದೀತು? “ಹುಚ್ಚರಂಗ ಮಾತಾಡಬ್ಯಾಡ್ರಿ. ತಬಸ್ಸುಮ್‌ಗ ಕೇಳಕೊಂಡ ಬರತೀನಿ, ಡಬ್ಬಿನ ಕೆಟ್ಟಿರಬೇಕು” ಎಂದಳು. ಅವನಿಗೆ ಒಂದು ಉತ್ತರ ತಂದುಕೊಡಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ತಬಸ್ಸುಮ್ ಎಲ್ಲವನ್ನೂ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖ ಸಪ್ಪಗಾಯಿತು. ಡಬ್ಬಿಯನ್ನು ತಿರುಗಿಸಿ ನೋಡಿ ಕೆಟ್ಟಿಲ್ಲ ಎಂದಳು. ಆಮೇಲೆ ಒಂದು ಗಾಜಿನ ಕೊಳವೆ ಚಾಚಿ, “ಇದರಾಗ ಒಮ್ಮೆ ಊದ್ರಿ ಮೇಡಂ” ಎಂದಳು.

ನೀಲಗಂಗಾ ಊದಿದಳು. ಪರದೆಯ ಮೇಲೆ ಹಸಿರು ಗೀಟು ನೆಟ್ಟಗೆ ಮೇಲಕ್ಕೆ ಹೋಗಿ ಅಂಚಿಗೆ ತಾಗಿ ನಿಂತಿತು. ತಬಸ್ಸುಮ್ ಪರದೆಯನ್ನು ಅತ್ತ ತಿರುಗಿಸಲು ಹೋದಳು, ಅಷ್ಟರಲ್ಲಿ ಮೇಡಂ ಅದನ್ನು ಹಿಡಿದುಕೊಂಡಿದ್ದರು.

“ಇದು ನನ್ನ ಉಸಿರಾಗ ಐತೇನು?”

“ಹೌದ್ರಿ. ಎಲುಬು, ಕೊಬ್ಬು, ರಕ್ತ... ನಿಮ್ಮ ಮೈತುಂಬ ಐತಿ. ಅಲ್ಲಿಂದ ಸ್ವಲ್ಪ ಸ್ವಲ್ಪ ಉಸಿರಿನಾಗ ಹೊರಗ ಬರತೈತಿ. ನೀವು ಇದ್ದಲ್ಲಿ ಡಬ್ಬಿ ಬಡಕೊಳ್ಳೋದು ಅದಕ್ಕ. ಮಲ್ಲಿಗಿ ಗಿಡಾನೂ ನಿಮ್ಮ ಉಸಿರನ್ನ ಕುಡದೈತಿ.” ಅವಳು ಅವಸರವಸರವಾಗಿ ಸೇರಿಸಿದಳು: “ಅಷ್ಟು ದಿನ ಮಗ್ಗಲದಾಗ ಮಲಗಿದ್ರಿ. ಆಕಿ ಬಿಟ್ಟ ಉಸಿರು ನಿಮ್ಮೊಳಗ ಸೇರಿರಬೇಕು, ಅಷ್ಟ.”

ಮೇಡಂ ಅವಳನ್ನು ದಿಟ್ಟಿಸಿದರು. ಹಾಳೆಯಲ್ಲಿ ತಪ್ಪು ಸಮೀಕರಣ ಬರೆದವಳನ್ನು ನೋಡುವ ನೋಟ ಅದು.

“ಬಿಟ್ಟ ಉಸಿರಿನೊಳಗಿನ ಇಂಗಾಲ ಎಲಿಯಾಗ ಸೇರತೈತಿ, ಮನುಷ್ಯಾರ ಎಲುಬಿನಾಗ ಸೇರಂಗಿಲ್ಲ. ಇದನ್ನ ನಿನಗ ಕಲಿಸಿದಾಕಿ ನಾನು. ಎಲುಬಿಗೆ ಹೋಗಬೇಕಂದ್ರ ಒಂದ ದಾರಿ. ಬಾಯಿ.”

ಮೇಡಂ ಕುರ್ಚಿಯ ಮೇಲೆ ಕೂತರು.

ಚಿಕಿತ್ಸೆಯ ನಾಲ್ಕನೆಯ ವಾರದಿಂದ ಶುರುವಾಗಿತ್ತು ಅದು. ಆ ಹೊತ್ತಿಗೆ ನೀಲಗಂಗಾಳಿಗೆ ಅನ್ನ ಸೇರುತ್ತಿರಲಿಲ್ಲ. ದಿನಕ್ಕೆರಡು ಚಹಾ ಕುಡಿದು ಆಸ್ಪತ್ರೆ, ಕಾಲೇಜು, ಮನೆ ಎಂದು ಓಡಾಡುತ್ತಿದ್ದಳು. ಮುಕ್ತಾ ಅದನ್ನು ಗಮನಿಸಿದ್ದಳು. ಒಂದು ಬೆಳಿಗ್ಗೆ ಗಂಜಿಯ ಚಮಚ ಬಾಯಿಯ ಹತ್ತಿರ ತಂದರೆ ತುಟಿ ಬಿಗಿದುಕೊಂಡಳು. “ನೀ ಉಂಡಿಲ್ಲ. ನಿನಗೊಂದು, ನನಗೊಂದು. ಇಲ್ಲಾಂದ್ರ ನನಗೂ ಬ್ಯಾಡ.” ರೇಗಿದರೂ, ರಮಿಸಿದರೂ ಬಾಯಿ ಬಿಡಲಿಲ್ಲ. ತಾಯಿ ಒಂದು ಚಮಚ ಕುಡಿದಳು, ಮಗಳು ಒಂದು ಚಮಚ ಕುಡಿದಳು. ದಿನಾ ಅದೇ ಆಟ. ಮಗಳ ಬಟ್ಟಲಲ್ಲಿ ಉಳಿದದ್ದನ್ನು ತಾಯಿ ಬಳಿದು ತಿನ್ನುವುದು ಅವರ ಕಡೆ ಯಾವ ಮನೆಯಲ್ಲಿಲ್ಲ? ಗುರುಬಸಪ್ಪ ಮಗಳ ಹೆಸರು ಕೆತ್ತಿಸಿದ್ದ ಆ ಸ್ಟೀಲಿನ ಬಟ್ಟಲನ್ನು ಅವಳು ಕಡೆಯ ತೊಟ್ಟಿನವರೆಗೂ ಬಳಿದಳು. ಆಸ್ಪತ್ರೆಯ ಹಾಳೆಯಲ್ಲಿ ಒಂದು ಸಾಲಿತ್ತು: ‘ಬಟ್ಟಲು ಖಾಲಿಯಾಯಿತೇ?’ ದಿನಾ ‘ಹೌದು’ ಎಂದು ಗುರುತು ಹಾಕಿದಳು. ಬಟ್ಟಲು ಖಾಲಿಯಾಗಿಯೇ ಇರುತ್ತಿತ್ತು.

ಐದನೆಯ ವಾರದ ಚಿತ್ರದಲ್ಲಿ ಗಡ್ಡೆಯ ಬೆಳಕು ಅರ್ಧಕ್ಕೆ ಇಳಿದಿತ್ತು. ಔಷಧ ಹತ್ತಿದೆ, ಇದನ್ನೇ ಮುಂದುವರಿಸೋಣ ಎಂದಿದ್ದರು ಡಾಕ್ಟರು. ಆ ದಿನ ಅವಳು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದಳು.

“ಮುಕ್ತಾನ ಹಳೇ ಚಿತ್ರ ತಗಿ” ಎಂದರು ಮೇಡಂ.

“ಬ್ಯಾಡ್ರಿ ಮೇಡಂ.”

“ಸಕ್ಕರಿ ಪ್ರಮಾಣದ ಜಾಗಾದಾಗ ಅರ್ಧ ಅಂತ ಹಾಕು. ನಾಲ್ಕನೆ ವಾರದಿಂದ ಉಳಿದರ್ಧ ನಾ ಕುಡದೇನಿ.”

“ಮೇಡಂ, ಈಗ ಅದನ್ನ ನೋಡಿ ಏನ ಮಾಡತೀರಿ? ನಿಮ್ಮ ಕಾಲಿಗೆ ಬೀಳತೀನಿ.”

“ತಬಸ್ಸುಮ್. ಅರ್ಧ ಅಂತ ಹಾಕು.”

ತಬಸ್ಸುಮ್ ಹಾಕಿದಳು. ಪರದೆಯ ಮೇಲಿನ ಪುಟ್ಟ ಹೊಟ್ಟೆಯ ಚಿತ್ರ ಒಮ್ಮೆ ಮಾಸಿ ಮತ್ತೆ ಮೂಡಿತು. ಐದನೆಯ ವಾರ ಗಡ್ಡೆ ಕುಗ್ಗಿರಲಿಲ್ಲ. ಆರನೆಯ ವಾರ ಬೆಳೆದಿತ್ತು. ಎಂಟನೆಯ ವಾರ, ಹೊಟ್ಟೆಯ ಮೇಲೆ ಕೈಯಿಟ್ಟರೇ ಸಿಗುವಂತಾಗಿ ಡಾಕ್ಟರಿಗೆ ಗೊತ್ತಾದಾಗ, ತಡವಾಗಿತ್ತು.

“ಇದು ಮೊದಲ ಗೊತ್ತಾಗಿದ್ರ?”

“ಐದನೆ ವಾರಕ್ಕ ಔಷಧಿ ಬದಲಿ ಮಾಡತಿದ್ರು.”

“ಉಳೀತಿದ್ಲೇನು?”

“ಗೊತ್ತಿಲ್ರಿ.”

“ಗೊತ್ತಿಲ್ಲ ಅಂತ ಉತ್ತರ ಬರದ್ರ ನಾ ಎಂದಾದ್ರೂ ಅಂಕ ಕೊಟ್ಟೇನೇನು? ಆ ಇನ್ನೊಂದು ಔಷಧಿ ಎಷ್ಟು ಮಕ್ಕಳಿಗೆ ಹತ್ತೈತಿ?”

ತಬಸ್ಸುಮ್ ಅಳುತ್ತಿದ್ದಳು. “ಮೂರರಾಗ ಒಬ್ಬರಿಗೆ” ಎಂದಳು.

ಗುಡ್ಡ ಇಳಿಯುವಾಗ ನೀಲಗಂಗಾ ಬಸ್ಸಿಗೆ ಕಾಯಲಿಲ್ಲ, ನಡೆದೇ ಬಂದಳು. ಡಬ್ಬಿ ಚೀಲದಲ್ಲಿತ್ತು, ಹೆಜ್ಜೆಹೆಜ್ಜೆಗೂ ಟಿಕ್ಕೆನ್ನುತ್ತಿತ್ತು. ನಿನ್ನೆಯವರೆಗೆ ಆ ಸದ್ದು ಮಗಳಾಗಿತ್ತು. ಈಗ ಅದು, ಮಗಳು ತನ್ನ ಪಾಲಿನದನ್ನು ತಾಯಿಯ ಬಾಯಿಗೆ ಇಟ್ಟದ್ದು, ತಾಯಿ ಅದನ್ನು ನುಂಗಿದ್ದು. ರಸ್ತೆಯ ಬದಿಯಲ್ಲಿ ಎರಡು ಸಲ ವಾಂತಿಗೆ ಬಾಗಿದಳು. ಏನೂ ಬರಲಿಲ್ಲ. ಎಲುಬಿನಲ್ಲಿ ಸೇರಿದ್ದು ವಾಂತಿಯಲ್ಲಿ ಹೇಗೆ ಬಂದೀತು? ಕೊಂದೆ ನಾನು, ಗಂಜಿ ಕುಡಿದು ಕೊಂದೆ ಎಂದು ಬಾಯಿಬಿಟ್ಟು ಹೇಳಿಕೊಂಡಳು. ಎದುರಿಗೆ ಬಂದ ಸೈಕಲ್ಲಿನವನು ತಿರುಗಿ ನೋಡಿಕೊಂಡು ಹೋದ.

ಹೇಳಬೇಕೋ ಬೇಡವೋ? ಡಬ್ಬಿ ಕೆಟ್ಟಿತ್ತು ಎಂದುಬಿಟ್ಟರೆ ಮುಗಿಯಿತು, ಗುರುಬಸಪ್ಪ ನಂಬುತ್ತಾನೆ. ಅವನು ಅವಳ ಯಾವ ಮಾತನ್ನೂ ನಂಬದೆ ಇದ್ದವನಲ್ಲ. ಆದರೆ ಮಗಳಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡೇ ಅವನು ಉಳಿದ ದಿನ ಕಳೆಯಬೇಕಾಗುತ್ತದೆ. ಕೈಕಾಲು ಒತ್ತಿ ಹಿಡಿದದ್ದನ್ನೇ ನೆನೆದು ನೆನೆದು ಸಾಯುತ್ತಾನೆ.

ಅವನು ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದ. ಮಧ್ಯಾಹ್ನದ ಬಿಸಿಲು. ಕುಕ್ಕರಿನ ಗ್ಯಾಸ್ಕೆಟ್ಟೊಂದನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದ. “ಏನಂದಳು?” ಎಂದ.

ನೀಲಗಂಗಾ ಒಳಗೆ ಹೋಗಿ, ನೆಲದ ಮೇಲೆ ಕೂತು, ಅವನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಒಂದು ಚಮಚವನ್ನೂ ಬಿಡಲಿಲ್ಲ. ಮುಕ್ತಾಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಆಕಿ ಎಲ್ಲಿಗೂ ಬಂದಿಲ್ಲ, ಇರೋದೆಲ್ಲ ನನ್ನ ಮೈಯಾಗ, ನಾ ಕುಡದದ್ದು ಎಂದಳು. ಚಿತ್ರದ ಮಾತು ಹೇಳಿದಳು. ಮೂರರಲ್ಲಿ ಒಂದು ಎಂದಳು.

“ಮೂರರಾಗ ಒಂದು” ಎಂದ ಗುರುಬಸಪ್ಪ. ಎದ್ದು ಹಿತ್ತಲಿಗೆ ಹೋದ. ನಲ್ಲಿ ಬಿಟ್ಟ ಸದ್ದಾಯಿತು. ಅವನ ಕೈಗೆ ಏನೂ ಅಂಟಿರಲಿಲ್ಲ, ಆದರೂ ಬಹಳ ಹೊತ್ತು ತೊಳೆದ. ನಲ್ಲಿ ನಿಂತ ಮೇಲೂ ಬರಲಿಲ್ಲ. ಅವನು ಹಿಂಬಾಗಿಲಿನಿಂದ ಹಾಗೇ ಹೊರಟುಹೋದ ಎಂದುಕೊಂಡಳು ನೀಲಗಂಗಾ. ಹೋದರೆ ತಪ್ಪೇನು ಎಂದೂ ಅನ್ನಿಸಿತು.

ಅವನು ಬಂದ. ಅವಳ ಮುಖ ನೋಡಲಿಲ್ಲ. ಚೀಲದಿಂದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅವಳ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಡಬ್ಬಿ ಟಿಕ್ ಎಂದಿತು.

“ಇನ್ನ ಎಷ್ಟ ದಿನ ಬರತೈತಿ ಇದು?” ಎಂದ.

“ಎರಡು ವರ್ಷ ಅಂದಳು. ಬರಬರತ ಕಡಿಮಿ ಆಗತೈತಂತ.”

“ನೀ ಉಸಿರು ಬಿಟ್ಟಂಗ ಹೊರಗ ಹೋಗತೈತಿ.”

“ಹೂಂ.”

“ಹೋದದ್ದು ತಿರುಗಿ ಬರಂಗಿಲ್ಲ.”

“ಇಲ್ಲ.”

ಅವನು ಬಹಳ ಹೊತ್ತು ಡಬ್ಬಿಯನ್ನೇ ನೋಡುತ್ತ ಕೂತ. ನೀಲಗಂಗಾಳಿಗೆ ತಡೆಯಲಾಗಲಿಲ್ಲ. “ಏನಾರ ಅನ್ರಿ ನನಗ” ಎಂದಳು. “ಬೈರಿ. ಹೊಡೀರಿ. ಹಿಂಗ ಸುಮ್ಮ ಕುಂದರಬ್ಯಾಡ್ರಿ.”

“ಇಲ್ಲ” ಎಂದ ಗುರುಬಸಪ್ಪ. ಅವನ ದನಿ ಒರಟಾಗಿತ್ತು. “ನಾ ನಿನಗ ಏನೂ ಅನ್ನಂಗಿಲ್ಲ. ಅಂದ್ರ ನೀ ಅಳತಿ. ಅತ್ತರ ಉಸಿರು ಜೋರಾಗತೈತಿ.”

ನುಗ್ಗಿ ಬಂದ ಅಳುವನ್ನು ನೀಲಗಂಗಾ ಗಂಟಲಲ್ಲೇ ಹಿಡಿದಳು. ಉಸಿರನ್ನೂ ಹಿಡಿದಳು. ಡಬ್ಬಿ ಸುಮ್ಮನಾಯಿತು. ಅವನು ತಲೆ ಬಗ್ಗಿಸಿ ಕಾಯುತ್ತಿದ್ದ. ಎದೆ ಉರಿಯತೊಡಗಿತು, ಕಿವಿಯಲ್ಲಿ ರಕ್ತ ಬಡಿಯಿತು, ಕಿಟಕಿಯ ಮಲ್ಲಿಗೆ ಎರಡಾಗಿ ಕಂಡಿತು. ಎಷ್ಟು ಹೊತ್ತು ತಡೆದಾಳು? ಆದಷ್ಟು ಮೆಲ್ಲಗೆ ಬಿಟ್ಟಳು.

ಡಬ್ಬಿ ಟಿಕ್ ಎಂದಿತು.